ಗುಲಾಬಿ ಮಡಿಯಲ್ಲಿ ಮೀನು

"ನಿನ್ನ ಗುಲಾಬಿ ಮಡಿ ಕಿತ್ತ ಒಗೀರಿ ಅಂದಾರ ಸಾಹೇಬ್ರು! ಅಲ್ಲಿ ಮೀನಿನ ಹೊಂಡ ಆಗತೈತಂತ!"

ಮಾಲವ್ವ ಬಂಗಲೆಯ ಅಡುಗೆಮನೆಯಿಂದ ಓಡಿಬಂದಿದ್ದಳು. ಕೈಯಲ್ಲಿ ಇನ್ನೂ ಬೂದಿ ಮೆತ್ತಿದ ಪಾತೇಲಿ. ಗಂಡ ದ್ಯಾಮಪ್ಪ ಕುರ್ಪಿ ಕೆಳಗಿಡಲಿಲ್ಲ.

"ತಿನ್ನಾಕೇನು?"

"ಇಲ್ಲಂತ. ಬಣ್ಣದ್ದು. ಬರೇ ನೋಡಾಕಂತ."

"ನೋಡಾಕ ಗುಲಾಬಿ ಸಾಲಲಿಲ್ಲೇನು ಅವರಿಗೆ?"

ಎಂಜಿನಿಯರ್ ಸಾಹೇಬರು ಹೆಂಡತಿ ಬಾಯಾರೊಂದಿಗೆ ದಾಂಡೇಲಿಯ ಮಿಲ್ಲಿಗೆ ಬಂದು ಐದು ವರ್ಷ. ಅಂದಿನಿಂದಲೂ ಅವರ ಹಿತ್ತಲಿಗೆ ದ್ಯಾಮಪ್ಪನೇ ಮಾಲಿ. ಹಸಿ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಧಾರವಾಡದಿಂದ ಗುಲಾಬಿ ಕಡ್ಡಿ ತಂದು ಊರಿದ್ದ. ಈಗ ಹನ್ನೆರಡು ಗಿಡ.

ಗೌಂಡಿ ದುರ್ಗಪ್ಪ ಅದೇ ಮಡಿಯ ಸುತ್ತ ಹಗ್ಗ ಹಿಡಿದು ಗೂಟ ಬಡಿಯುತ್ತಿದ್ದ.

"ನೇರಳೆ ಗಿಡದ ಬುಡಕ ತೋಡೋ. ನೆಳ್ಳ ಐತಿ," ಎಂದ ದ್ಯಾಮಪ್ಪ.

"ಎಲಿ ಬಿದ್ದು ಕೊಳಿತಾವ. ಹಣ್ಣು ಬಿದ್ರ ನೀರೆಲ್ಲಾ ಮಸಿ."

"ಬೇಲಿ ಕಡೆ?"

"ಮಳಿಗಾಲದಾಗ ರಸ್ತೆದ ರಾಡಿ ಪೂರಾ ಅಲ್ಲೇ ಇಳಿತೈತಿ. ಇಲ್ಲಿ ನೋಡು, ಮುಂಜಾನಿ ಬಿಸಲು, ಮಧ್ಯಾಹ್ನ ಗ್ವಾಡಿ ನೆಳ್ಳು, ನೀರು ನಿಲ್ಲೂದಿಲ್ಲ. ಇಂಥಾ ಜಾಗಾ ಇನ್ನೊಂದ ಐತೇನು? ನೀನ ಹೇಳು."

ಈ ಮೂರೂ ನೋಡಿಯೇ ದ್ಯಾಮಪ್ಪ ಅಲ್ಲಿ ಗುಲಾಬಿ ಊರಿದ್ದು.

"ಸಾಹೇಬ್ರ ಮನಸ್ಸಿಗೆ ಬಂದ್ರ ನನ್ನ ಮಿಲ್ಲಿನಾಗ ಕಾಯಂ ಮಾಡ್ತಾರ," ಎಂದ ದುರ್ಗಪ್ಪ, ಮೊದಲ ಗಿಡದ ಬುಡಕ್ಕೆ ಗುದ್ದಲಿ ಹಾಕುತ್ತ. "ಹೂವಿಂದೇನಪಾ, ಇಲ್ಲಿ ಇಲ್ಲಂದ್ರ ಅಲ್ಲಿ."

ದ್ಯಾಮಪ್ಪ ಹನ್ನೆರಡನ್ನೂ ಬೇಲಿಯ ಬಳಿ ನೆಟ್ಟ, ದಿನಕ್ಕೆರಡು ಸಲ ನೀರು ಹೊತ್ತ. ಏಪ್ರಿಲ್ ಬಿಸಿಲು ಒಂದನ್ನೂ ಉಳಿಸಲಿಲ್ಲ. ಒಣಗಿದ ಕಡ್ಡಿಗಳನ್ನು ದುರ್ಗಪ್ಪ ಚಹಾ ಕಾಸಲು ಒಲೆಗೆ ಹಾಕಿದ. ಹೊಗೆ ನೋಡಿ ಹತ್ತಿರ ಹೋದಾಗಲೇ ದ್ಯಾಮಪ್ಪನಿಗೆ ಅದು ಗೊತ್ತಾಯಿತು.

ಹೊಂಡಕ್ಕೆ ಸಿಮೆಂಟು ಬಳಿದು ಮೂರನೆಯ ದಿನ ನೀರು ತುಂಬಿದರು. ಮರುದಿನ ಸಂಜೆ ದುರ್ಗಪ್ಪ ಬೇಲಿಯ ತನಕ ತಾನೇ ನಡೆದುಬಂದ.

"ಮೀನು ಬಂದಾವಪಾ, ಮುಂಬಯಿಂದ, ಕಾಜಿನ ಭರಣ್ಯಾಗ. ನಾ ಗ್ವಾಡಿ ಕಟ್ಟಾಂವ, ನನಗ ಜೀವದ್ದು ತಿಳಿಯೂದಿಲ್ಲ. ನೀ ಒಮ್ಮೆ ನೀರು ನೋಡು."

ಹೋದ ವರ್ಷ ಹೊಸ ಸಿಮೆಂಟಿನ ಕುಂಡಗಳಲ್ಲಿ ಹಚ್ಚಿದ ಸಸಿಗಳೆಲ್ಲ, ಸಿಮೆಂಟಿನ ಖಾರ ನೀರಿಗೆ ಇಳಿದು, ಬೇರು ಸುಟ್ಟು ಸತ್ತಿದ್ದವು. ಹದಿನೈದು ದಿನ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿದ ಮೇಲೆಯೇ ಆ ಕುಂಡಗಳಲ್ಲಿ ಗಿಡ ಬದುಕಿದ್ದು. ಅದು ಈ ಹಿತ್ತಲಲ್ಲಿ ಗೊತ್ತಿದ್ದದ್ದು ದ್ಯಾಮಪ್ಪನೊಬ್ಬನಿಗೆ.

ಅವನು ಹೊಂಡದ ಅಂಚಿಗೆ ಕುಕ್ಕರಿಸಿ ಕೈ ಅದ್ದಿದ. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಬೆರಳ ಮೇಲೆ ಗುಲಾಬಿ ಮುಳ್ಳು ಗೀರಿದ ಗಾಯ ಚುರ್ರೆಂದಿತು. ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ.

"ಹೆಂಗೈತಿ?"

"ಚಲೋ ಐತಿ."

"ಬಿಡಬಹುದಲ್ಲ?"

"ಬಿಡು."

ದುರ್ಗಪ್ಪ ನಕ್ಕು ಅವನ ಭುಜ ತಟ್ಟಿದ. "ಹಂಗಾರ ನಾಳೆ ಮುಂಜಾನಿ ಎಂಟಕ್ಕ. ಬಾಯಾರು ತಮ್ಮ ಕೈಲೇನ ಬಿಡ್ತಾರಂತ, ಸಾಹೇಬ್ರೂ ಇರ್ತಾರ. ನೀನೂ ಬಾ ಮತ್ತ, ಸಿಟ್ಟ ಇಟಗೋಬ್ಯಾಡ."

ಅಡುಗೆಮನೆಯ ಕಿಟಕಿಯಲ್ಲಿ ಮಾಲವ್ವ ಭರಣಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದಳು. ಆರು ಕೆಂಪು ಮೀನು ಒಂದರ ಹಿಂದೊಂದು ಸುತ್ತುತ್ತಿದ್ದವು.

"ಎಂಟಕ್ಕಲ್ಲ?" ಎಂದ ದ್ಯಾಮಪ್ಪ. "ಬರ್ತೇನಿ."