ಗಿಡ್ಡ ಕಣ್ಣಿನ ಅವರೆ

ಗಂಡನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ಬಟ್ಟೆಚೂರು ಸಡಿಲವಾಗಿತ್ತು. ರಾಮಕ್ಕ ಅದನ್ನು ಬಿಚ್ಚಿ ಮತ್ತೆ ಬಿಗಿಯುತ್ತಿದ್ದಳು. ಸುತ್ತ ಕೂತವರು ಪಾಪಯ್ಯನ ಗುಣಗಾನಕ್ಕೆ ಇಳಿದಿದ್ದರು. ಸತ್ತ ದಿನ ಯಾರನ್ನಾದರೂ ಹೊಗಳುತ್ತಾರೆ, ಅದೇನು ದೊಡ್ಡ ಮಾತಲ್ಲ. ಆದರೆ ಪಾಪಯ್ಯನ ವಿಷಯದಲ್ಲಿ ನಾಟ್ರಾಂಪಾಳ್ಯದವರು ಬಾಯುಪಚಾರಕ್ಕೆ ಆಡುತ್ತಿರಲಿಲ್ಲ. ಒಂದು ರಾಗಿ ಹೊಲ, ನಾಲ್ಕು ದನ, ಕಾಡಿನ ದಾರಿ, ಇಷ್ಟರಲ್ಲೇ ಎಪ್ಪತ್ತೆರಡು ವರ್ಷ ಮುಗಿಸಿದ ಮನುಷ್ಯ. ಯಾರ ಹಸು ತಪ್ಪಿಸಿಕೊಂಡರೂ ಕರೆಯದೆಯೇ ಹುಡುಕಲು ಹೊರಡುತ್ತಿದ್ದ.

"ಅದೆಲ್ಲಾ ಬುಡ್ರಪ್ಪ, ಅದೊಂದು ಇಚಾರ ಸಾಕು," ಎಂದ ಊರ ಹಿರಿಯ ಶ್ಯಾಮಣ್ಣ. "ಊರೋರೆಲ್ಲ ಆಯಮ್ಮನ ಕೈ ಅನ್ನ ಬುಟ್ಟಾಗ, ನಾನ್ ತಿಂತೀನಿ ಅಂತ ತಟ್ಟೆ ಮುಂದಿಟ್ಕಂಡು ಕುಂತ. ಅಂಥ ಗಂಡ ಯಾರಿಗ್ ಸಿಕ್ತಾನೆ?"

ಆಯಮ್ಮ ಎದುರಿಗೇ ಕೂತಿದ್ದಾಳೆ ಎಂಬುದು ಅವನಿಗೆ ಲೆಕ್ಕಕ್ಕಿರಲಿಲ್ಲ. ರಾಮಕ್ಕನಿಗೂ ಬೇಸರವಾಗಲಿಲ್ಲ. ಹೌದೆಂದು ತಲೆಯಾಡಿಸಿ, ಗಂಟನ್ನು ಇನ್ನೊಂದು ಸುತ್ತು ಬಿಗಿದಳು. ಗೋಡೆಯ ಪಕ್ಕದಲ್ಲಿ ವಾರಗಿತ್ತಿ ಸಾಕಮ್ಮ ಮೊಣಕಾಲಿಗೆ ಗಲ್ಲವಿಟ್ಟು ನೆಲ ನೋಡುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಹೆಣದಷ್ಟು ಜಾಗ. ಮಾತು ನಿಂತು ಮಾತ್ರ ಮೂವತ್ತೊಂದು ವರ್ಷ.

*

ಮಾತು ನಿಂತ ಆ ವರ್ಷ ಕಾರ್ತಿಕದಲ್ಲಿ ಕಾಡಿನಂಚಿನ ಬಳ್ಳಿಗಳು ತುಂಬಿ ಬಿಟ್ಟಿದ್ದವು. ಕಾಡವರೆ ಕಿತ್ತು ತಂದು, ಕಾಳನ್ನು ಏಳು ಸಲ ಬೇಯಿಸಿ ನೀರು ಬಸಿದು ಸಾರು ಮಾಡುವುದು ಆ ಕಡೆಯ ಹೆಂಗಸರಿಗೆ ಕರತಲಾಮಲಕ. ಅಪಾಯವಿದ್ದದ್ದು ಹುಚ್ಚವರೆಯಿಂದ. ಎಷ್ಟು ಬಸಿದರೂ ಅದರ ವಿಷ ಹೋಗದು. ಎರಡೂ ಅಕ್ಕತಂಗಿಯರ ಹಾಗೆ: ಅದೇ ಮೂರೆಲೆ, ಅದೇ ನೇರಳೆ ಹೂವು, ಗೇಣುದ್ದದ ಕಾಯಿ. ಎಲೆಯ ಅಡಿಭಾಗ ಸವರಿದರೆ ಕಾಡವರೆಯದು ನುಣುಪು, ಹುಚ್ಚವರೆಯದು ಬೆಕ್ಕಿನ ಕಿವಿಯಂತೆ ರೋಮ. ಕಾಯಿ ಸುಲಿದ ಮೇಲೆ ಉಳಿಯುವ ಗುರುತು ಒಂದೇ, ಕಾಳಿನ ಅಂಚಿನ ಬಿಳಿ ಕಣ್ಣು. ಕಾಡವರೆಯದು ಅಂಚಿನುದ್ದಕ್ಕೂ ಚಾಚಿರುತ್ತದೆ. ಹುಚ್ಚವರೆಯದು ಅರ್ಧಕ್ಕೇ ನಿಂತುಬಿಡುತ್ತದೆ.

ಸಂಜೆ ರಾಮಕ್ಕ ಒಂದು ಕುಕ್ಕೆ ಕಾಯಿ ತಂದು ಜಗಲಿಯಲ್ಲಿ ಸುರಿದು ನೀರಿಗೆ ಹೋದಳು. ದನ ಹೊಡೆದುಕೊಂಡು ಬಂದ ಪಾಪಯ್ಯ ಸುಲಿದು, ತೊಳೆದಿಟ್ಟ. ಬುಡ್ಡಿದೀಪದ ಬೆಳಕಿನಲ್ಲಿ ಅವಳು ಬೇಯಿಸಿದಳು. ಒಂದೇ ಮನೆಯಾಗಿದ್ದ ಕಾಲ ಅದು. ಎಲ್ಲರೂ ಉಂಡರು, ಎಲ್ಲರಿಗೂ ವಾಂತಿ. ದೊಡ್ಡವರು ಬದುಕಿಕೊಂಡರು. ಸಾಕಮ್ಮನ ಐದು ವರ್ಷದ ಮಗಳು ಕಲ್ಪನಾ ಅಂಚೆಟ್ಟಿ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಹೋಗಿಬಿಟ್ಟಳು. ಸ್ವಂತ ಮಕ್ಕಳಿಲ್ಲದ ರಾಮಕ್ಕನ ಮಗ್ಗುಲಲ್ಲೇ ಮಲಗುತ್ತಿದ್ದ ಕೂಸು.

ಮೂರನೇ ದಿನ ಪಂಚಾಯಿತಿ ಸೇರಿತು. ಮಡಕೆಯ ತಳದಲ್ಲಿ ಸಿಕ್ಕ ಕಾಳುಗಳ ಪೈಕಿ ಕೆಲವಕ್ಕೆ ಗಿಡ್ಡ ಕಣ್ಣಿತ್ತು. ಒಂದೊಂದು ಬಳ್ಳಿಯನ್ನೂ ಸವರಿ ನೋಡಿಯೇ ಕಿತ್ತೆ ಎಂದು ರಾಮಕ್ಕ ಮಾರಮ್ಮನ ಮೇಲೆ ಆಣೆಯಿಟ್ಟಳು. ಆಗ ಪಾಪಯ್ಯ ಎದ್ದು ನಿಂತು ಹೇಳಿದ್ದ:

"ಮಬ್ಬಲ್ಲಿ ಕಿತ್ತಿರ್ತಾಳೆ. ಬೇಕೂಂತ ಮಾಡಿದ್ದಲ್ಲ, ಬುಟ್ಬುಡಿ."

ಅವತ್ತು ಆ ಮಾತು ಅವಳ ತಲೆ ಕಾಯ್ದಿತ್ತು. ಅವತ್ತಿನಿಂದ ಅವಳು ತನ್ನ ಕಣ್ಣನ್ನೇ ನಂಬುವುದನ್ನು ಬಿಟ್ಟಳು. ಸಂತೆಯಿಂದ ತಂದ ಬೇಳೆಯನ್ನೂ ಮೂರು ಸಲ ಆರಿಸುವಳು. ಊರಿನ ಮದುವೆಗಳಲ್ಲಿ ಅವಳ ಪಾಲಿಗೆ ಬಂದದ್ದು ಪಾತ್ರೆ ತೊಳೆಯುವ ಕೆಲಸ. ಒಂದು ಲೋಟ ನೀರನ್ನೂ ಅವಳ ಕೈಯಿಂದ ಯಾರೂ ಇಸಿದುಕೊಳ್ಳುತ್ತಿರಲಿಲ್ಲ. ಪಾಪಯ್ಯ ಒಬ್ಬನೇ ಉಣ್ಣುತ್ತಿದ್ದ.

*

ಸಾವಿನ ಸುದ್ದಿ ಕೇಳಿ ಹನ್ನೊಂದರ ಬಸ್ಸಿಗೆ ಪದ್ಮಶ್ರೀ ಬಂದಳು. ಹೊಸೂರಿನ ಆಲಸನತ್ತಂ ಹುಡುಗಿ, ಕಾಲೇಜಿನಲ್ಲಿ ಕಾಡು ಬಳ್ಳಿಗಳ ಮೇಲೆ ಓದುತ್ತಿದ್ದವಳು. ಎರಡು ವರ್ಷ ಪಾಪಯ್ಯನ ಹಿಂದೆ ಬಿದ್ದು ಕಾಡು ಸುತ್ತಿದ್ದಳು. ಎದೆಗೆ ಅವಚಿಕೊಂಡು ತಂದಿದ್ದ ರಟ್ಟಿನ ಹಾಳೆಯನ್ನು ರಾಮಕ್ಕನ ಮುಂದಿಟ್ಟಳು. ಅದರ ಮೇಲೆ ಒಣಗಿದ ಬಳ್ಳಿಯೊಂದನ್ನು ಎಲೆ, ಹೂವು, ಕಾಯಿ ಸಮೇತ ಅಂಟಿಸಿದ್ದಳು. ಮೂಲೆಯಲ್ಲಿ ಒಂದು ಪುಟ್ಟ ಲಕೋಟೆ, ಕೆಳಗೆ ಬಳ್ಳಿ ತೋರಿಸಿಕೊಟ್ಟವರೆಂದು ಪಾಪಯ್ಯನ ಹೆಸರು.

"ತಾತನಿಗೆ ತೋರಿಸ್ತೀನಿ ಅಂದಿದ್ದೆ ಅಜ್ಜಿ," ಎಂದು ಕಣ್ಣೊರೆಸಿಕೊಂಡಳು.

ರಾಮಕ್ಕ ಒಣಗಿದ ಎಲೆಯ ಅಡಿಭಾಗಕ್ಕೆ ಬೆರಳು ತಾಗಿಸಿದಳು. ರೋಮ. ಲಕೋಟೆ ಬಿಚ್ಚಿ ಕಾಳನ್ನು ಅಂಗೈಗೆ ಹಾಕಿಕೊಂಡಳು. ಅಂಚಿನ ಬಿಳಿ ಗೆರೆ ಅರ್ಧಕ್ಕೆ ನಿಂತಿತ್ತು.

"ಇದೆಲ್ಲಿ ಸಿಕ್ತಮ್ಮ?"

"ಹಳ್ಳದ ಆಚೆ ದಂಡೆ ಅಜ್ಜಿ. ದನ ನೀರಿಗಿಳಿಯೋ ಜಾಗ. ಈ ಬಳ್ಳಿ ಈ ಊರ ಸುತ್ತ ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಅಂದ್ರು ತಾತ."

ಹಳ್ಳದ ಆಚೆಗೆ ರಾಮಕ್ಕ ಜನ್ಮದಲ್ಲಿ ಹೋದವಳಲ್ಲ. ಅದು ದನಗಾಹಿಗಳ ದಾರಿ. ಹುಡುಗಿ ಅದನ್ನರಿಯದೆ, ಸತ್ತವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಮುಂದುವರಿಸಿದಳು.

"ತುಂಬಾ ನೇರ ಮನುಷ್ಯ, ಅಜ್ಜಿ. ತಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ. ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ, ಒಂದ್ಸಲ ನಾನೇ ಏಮಾರಿದ್ದೆ ಕಣಮ್ಮ ಅಂದ್ರು. ಸಾರಿಗೆ ಕಾಳು ಸಾಲದೂಂತ, ದನ ಹೊಡ್ಕೊಂಡು ಬರೋವಾಗ ಅಲ್ಲಿ ಕಿತ್ತಿದ್ದನ್ನೂ ಸುಲಿದು ಬೆರೆಸಿಬಿಟ್ಟಿದ್ರಂತೆ. ಮಾರನೇ ದಿನ ಹೋಗಿ ಎಲೆ ಸವರಿ ನೋಡಿದಾಗ ಗೊತ್ತಾಯ್ತಂತೆ."

ಕೂಸಿನ ಸುದ್ದಿಯನ್ನು ಪುಣ್ಯಾತ್ಮ ಅವಳಿಗೆ ಹೇಳಿರಲಿಲ್ಲ.

ಮಾರನೇ ದಿನವೇ ಅವನಿಗೆ ಗೊತ್ತಿತ್ತು. ಪಂಚಾಯಿತಿ ಸೇರಿದ್ದು ಮೂರನೇ ದಿನ. ರಾಮಕ್ಕ ಎರಡನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಳು, ಜೋಡಿಸಿದಷ್ಟೂ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಅವನಿಗೆ ಬಡಿಸುವಾಗಲೆಲ್ಲ ಒಳಗೊಳಗೇ ಕೈಮುಗಿದಿದ್ದಳು. ಮುದ್ದೆ ಆರಬಾರದೆಂದು ಅವನು ಬರುವ ದಾರಿ ಕಾಯುತ್ತಿದ್ದಳು. ಆ ಋಣವನ್ನೆಲ್ಲ ಅವನು ದಿನಾ ಉಂಡು, ಕೈ ತೊಳೆದು, ಊರಿನ ಬಾಯಲ್ಲಿ ದೇವರಂಥವನಾಗಿದ್ದ. ಯಾರೋ ಹುಡುಗಿಗೆ ಹೇಳಲು ಬಂದ ಮಾತು ಪಕ್ಕದಲ್ಲಿ ಮಲಗಿದವಳಿಗೆ ಹೇಳಲು ಬರಲಿಲ್ಲ.

"ಇನ್ನೊಂದ್ ಕಿತ ಹೇಳಮ್ಮ," ಎಂದಳು ರಾಮಕ್ಕ. "ಗಟ್ಟಿಯಾಗಿ ಹೇಳು. ನಮ್ಮ ಸಾಕಮ್ಮಂಗೆ ಕೇಳ್ಬೇಕು."

ಪದ್ಮಶ್ರೀ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತಾನು ಏನನ್ನೋ ಒಡೆದೆನೆಂದು ಅವಳಿಗೆ ತಿಳಿದಿತ್ತು. ಆದರೂ ತಡವರಿಸುತ್ತ ಮತ್ತೆ ಹೇಳಿದಳು. ಸಾಕಮ್ಮ ಮೊಣಕಾಲಿನಿಂದ ಗಲ್ಲ ಎತ್ತಿದಳು. ಶ್ಯಾಮಣ್ಣ ಮಾತ್ರ ತಡೆಯಲಾರದೆ, ಹೆಣದ ಮುಂದೆ ಇದೆಲ್ಲ ಬೇಡ, ಹೋದವನು ಹೋದ ಎಂದು ಗದರಿ, ತಮಟೆಯವರಿಗೆ ಕೈಸನ್ನೆ ಮಾಡಿದ. ಸಾಕಮ್ಮನ ಮಗ ಸುರೇಂದ್ರನೇ ಮಣ್ಣು ಕೊಡಬೇಕಾದವನು. ಅವನು ಯಾರ ಮುಖವನ್ನೂ ನೋಡದೆ ಚಟ್ಟ ತರಿಸಿದ.

*

ಎತ್ತುವ ಮುಂಚೆ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ. ನೆಂಟರು ಒಬ್ಬೊಬ್ಬರೇ ಬಗ್ಗಿ, ಪಾಪಯ್ಯನ ತುಟಿಯ ಮೇಲೆ ನಾಲ್ಕು ಕಾಳು ಉದುರಿಸಿ ಸರಿದರು. ಕೊನೆಯ ಸರದಿ ಹೆಂಡತಿಯದು. ಸುರೇಂದ್ರ ಮೊರ ಹಿಡಿದ.

"ಹಾಕು ದೊಡ್ಡವ್ವ. ಹೊತ್ತಾಯ್ತದೆ."

ರಾಮಕ್ಕ ಒಂದು ಹಿಡಿ ತೆಗೆದುಕೊಂಡಳು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಬಗ್ಗಲಿಲ್ಲ. ಅಭ್ಯಾಸಬಲದಿಂದ ಅಕ್ಕಿಯನ್ನು ಅಂಗೈಯಲ್ಲಿ ಹರಡಿ, ಕಲ್ಲಿದೆಯೇ ಎಂದು ನೋಡಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಆಮೇಲೆ ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ತಮಟೆ ತಾನಾಗಿ ನಿಂತಿತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಾಮಕ್ಕ ಹೆಣವನ್ನು ಬಳಸಿಕೊಂಡು ಗೋಡೆಯ ಕಡೆ ನಡೆದು, ಸಾಕಮ್ಮನ ಮುಂದೆ ಕೈ ಚಾಚಿದಳು.

ಸಾಕಮ್ಮ ಆ ಅಂಗೈಯನ್ನು ನೋಡಿದಳು. ಅಕ್ಕಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಚಟ್ಟ ಎತ್ತಲು ಬಗ್ಗಿದ್ದ ನಾಲ್ವರು ಗಂಡಸರು ಬಗ್ಗಿದಂತೆಯೇ ಕಾಯುತ್ತಿದ್ದರು. ಇಬ್ಬರು ಮುದುಕಿಯರ ಹಲ್ಲಿಗೆ ಸಿಕ್ಕಿ ಹಸಿ ಅಕ್ಕಿ ಪುಡಿಯಾಗುವ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ.