ದೋಣಿ ದಡದಲ್ಲೇ ಇದೆ

ಟವೆಲು ಜಾರಿತೇ, ಇಲ್ಲ, ಗಾಳಿ, ಕಿಟಕಿಯ ಸಂದಿಯಿಂದ ನುಗ್ಗಿ ಟವೆಲಿನ ಅಂಚನ್ನು ಎತ್ತುತ್ತಿದೆ, ಎತ್ತಿದಾಗೆಲ್ಲ ಕೆಳಗಿನ ಪೆಟ್ಟಿಗೆಯ ಹಸಿರು ದೀಪ ಮಿಣುಕ್ ಎನ್ನುತ್ತದೆ, ಮುಚ್ಚಬೇಕು, ಮೀನುಗಾರಿಕೆ ಇಲಾಖೆಯ ಸಾಹೇಬರು ಹೊರಗಿನ ಕೋಣೆಯಲ್ಲೇ ಕೂತಿದ್ದಾರೆ, ನಡುವೆ ಬಾಗಿಲೂ ಇಲ್ಲ, ಬರೀ ಒಂದು ತೆಳು ಪರದೆ — ಟೀಪುಡಿ ಎಲ್ಲಿಟ್ಟೆ, ಕೈಯಲ್ಲೇ ಇದೆ, ಥೂ ನನ್ನ ತಲೆಗಿಷ್ಟು. ಯಾಕೆ ಬಂದರೋ ಈಗಲೇ, ಮನೆಮನೆಗೂ ಹೋಗ್ತಿದ್ದೀನಿ ಕಣಮ್ಮ, ಬಿರುಗಾಳಿ ಎಚ್ಚರಿಕೆ ಬಂದಿದೆ, ನಿಮ್ಮೋರು ಮನೇಲಿದ್ದಾರೆ ತಾನೆ, ಎಂದು ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಒಳಗೆ ಮಲಗಿದ್ದಾನೆ ಸಾರ್, ಜ್ವರ, ಎಬ್ಬಿಸ್ಲಾ? ಎಬ್ಬಿಸ್ಲಾ ಅಂತೆ! ಹೆತ್ತ ಮಗ ನಸುಕಿನಿಂದ ಸಮುದ್ರದ ಮೇಲಿದ್ದಾನೆ, ಈ ಮುದುಕಿ ಕಣ್ಣು ಮಿಟುಕಿಸದೆ ಅವನನ್ನು ಹಾಸಿಗೆಯಲ್ಲಿ ಮಲಗಿಸಿಬಿಟ್ಟಳು, ಸಾಹೇಬರು ಪಾಪ ದನಿ ತಗ್ಗಿಸಿದರು, ಬೇಡ ಬೇಡ, ಮಲಗಲಿ, ಅವರ ದೋಣಿ ದಡದಲ್ಲೇ ಇದೆಯಲ್ಲ, ಇಲ್ನೋಡಿ, ಎಂದು ಮೊಬೈಲು ಹಿಡಿದರು, ಅದರಲ್ಲೊಂದು ಹಸಿರು ಚುಕ್ಕೆ, ದೋಣಿ ಕಟ್ಟುವ ದಕ್ಕೆಯ ಪಕ್ಕದಲ್ಲೇ, ಅಂದರೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ. ನನಗೆ ನಗು ಬಂದಂತಾಯಿತು, ಅಳುವೋ ಏನೋ, ಟೀ ಇಡ್ತೀನಿ ಎಂದು ಒಳಗೆ ಓಡಿಬಂದೆ.

ನೀರು ಕುದಿಯುತ್ತಿದೆ, ಸಮುದ್ರವೂ ಹೀಗೇ ಕುದಿಯುತ್ತಿರಬೇಕು, ಬೇಡ, ಹಾಗೆ ಯೋಚಿಸಬಾರದು. ಎಲ್ಲ ಆ ಕೆಂಪು ನೀರಿನಿಂದ, ಒಂದು ಬೆಳಿಗ್ಗೆ ಸಮುದ್ರ ತುಕ್ಕಿನ ಬಣ್ಣಕ್ಕೆ ತಿರುಗಿತು, ಮೀನು ಹೊಟ್ಟೆ ಮೇಲಾಗಿ ತೇಲಿ ಬಂದು ದಡವಿಡೀ ನಾತ, ಸರ್ಕಾರ ಅದನ್ನು ವಿಪತ್ತು ಎಂದು ಘೋಷಿಸಿತು, ದೋಣಿ ಕಟ್ಟಿಡಿ, ನೀರು ತಿಳಿಯಾಗೋ ತನಕ ಪರಿಹಾರ ಕೊಡ್ತೀವಿ, ಒಬ್ಬರು ಕದ್ದು ಮೀನಿಗೆ ಹೋದರೂ ಇಡೀ ದಕ್ಕೆಗೇ ಪರಿಹಾರ ನಿಲ್ಲುತ್ತೆ, ಎಂದು ಹೇಳಿ ಪ್ರತಿ ದೋಣಿಗೂ ಇಂಥದೊಂದು ಪೆಟ್ಟಿಗೆ ಬಿಗಿದು ಹೋದರು. ದೋಣಿ ಎಲ್ಲಿದೆ ಎಂದು ಹಸಿರು ದೀಪ ಕಚೇರಿಗೆ ಹೇಳುತ್ತಿರುತ್ತದೆ, ಜೀವಕ್ಕೆ ಅಪಾಯ ಬಂದಾಗ ಒತ್ತಲು ಒಂದು ಕೆಂಪು ಗುಂಡಿ. ಗಂಡಸರ ಬುದ್ಧಿ ನೋಡಿ, ವಾರ ಕಳೆಯುವುದರೊಳಗೆ ನಾಲ್ಕು ಬೋಲ್ಟು ಬಿಚ್ಚಿದರೆ ಸಾಕು ಎಂದು ಕಂಡುಕೊಂಡರು, ಪೆಟ್ಟಿಗೆ ಮನೆಯಲ್ಲಿ, ದೋಣಿ ನೀರಲ್ಲಿ, ಆಕಾಶ ಕಾಣದಿದ್ದರೆ ದೀಪ ಸತ್ತುಹೋಗುತ್ತದಂತೆ, ಅದಕ್ಕೇ ಕಿಟಕಿ. ಹಿಂದಿನ ವಾರ ಮೈದುನ ಹೋಗಿದ್ದ, ಆಗ ಅವನ ದೋಣಿಯ ಪೆಟ್ಟಿಗೆ ಓರಗಿತ್ತಿಯ ಕಿಟಕಿಯಲ್ಲಿ ಉಪ್ಪಿನ ಭರಣಿಯ ಹಿಂದೆ ಕೂತಿತ್ತು, ಇವತ್ತು ಇವರ ಸರದಿ. ಪರಿಹಾರ ಬರ್ತಿದೆಯಲ್ರೀ, ಯಾಕೆ ಹೋಗಬೇಕು ಎಂದರೆ, ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಕಣೇ, ಕೆಂಪು ನೀರು ದಾಟಿದರೆ ಆಚೆ ತಿಳಿನೀರಿದೆ, ಮೀನಿದೆ, ಎಂದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು, ತಗೋ ನಿನ್ನ ಸವತಿ, ಎಲ್ಲಿ ಹೋದ್ರೂ ಬೆನ್ನು ಬೀಳ್ತಿದ್ಲು, ಇವತ್ತು ಇಬ್ಬರೂ ಜಗಳಾಡದೆ ಮನೇಲಿರಿ. ನಕ್ಕೆ, ನಕ್ಕುಬಿಟ್ಟೆನಲ್ಲ, ಕೆಂಪು ಗುಂಡಿಯೂ ಇದರಲ್ಲೇ ಇದೆ ಎಂದು ಆಗ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲವೇ.

ಕಿಟಕಿ ಧಡಾರನೆ ಬಡಿಯಿತು, ಮಳೆಯಲ್ಲಿ ದಕ್ಕೆಯೇ ಕಾಣುತ್ತಿಲ್ಲ, ಟೀ ಲೋಟಕ್ಕೆ ಸೋಸಿದೆ. ಹೊರಗೆ ಸಾಹೇಬರು ಯಾರಿಗೋ ಫೋನಿನಲ್ಲಿ, ಹೌದು, ಇಲ್ಲಿಯವರೆಲ್ಲ ದಡದಲ್ಲೇ ಇದ್ದಾರೆ, ರಕ್ಷಣಾ ದೋಣಿ ಇಲ್ಲಿ ಬೇಡ, ಪಕ್ಕದ ಬಂದರಿಗೆ ಕಳಿಸಿಬಿಡಿ, ಎನ್ನುತ್ತಿದ್ದಾರೆ, ಬೇಡ ಅನ್ನಬೇಡಿ ಸಾರ್, ಬೇಡ ಅನ್ನಬೇಡಿ, ಮನಸ್ಸಲ್ಲೇ ಕೂಗುತ್ತಿದ್ದೇನೆ. ಹೇಳಿದರೆ ದಕ್ಕೆಯ ಒಲೆಗಳೆಲ್ಲ ಆರುತ್ತವೆ, ಓರಗಿತ್ತಿ ಬಾಣಂತಿ, ನನ್ನ ಮುಖಕ್ಕೆ ಉಗಿಯುತ್ತಾಳೆ, ಉಗಿಯಲಿ, ಹೇಳದಿದ್ದರೆ — ಅತ್ತ ದರಿ ಇತ್ತ ಪುಲಿ, ಅಮ್ಮಾ. ಆ ಗುಂಡಿ ನಾನೇ ಒತ್ತಿಬಿಡಲೇ, ಒತ್ತಿದರೆ ರಕ್ಷಣೆಯವರು ಎಲ್ಲಿಗೆ ಬರುತ್ತಾರೆ, ಈ ಒಲೆಯ ಮುಂದಕ್ಕೆ, ನನ್ನನ್ನು ಎತ್ತಿಕೊಂಡು ಹೋಗಲು. ಮಿಣುಕ್. ಟವೆಲನ್ನು ಮೇಲೆಳೆದೆ, ನೆನೆದಿದೆ, ಬಟ್ಟೆಯ ಮೂಲಕವೇ ಕಾಣುತ್ತಿದೆ ಹಾಳಾದ್ದು. ಅತ್ತೆ ಪರದೆ ಸರಿಸಿ ಬಂದರು, ಲೋಟ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಮಣಿಕಟ್ಟು ಹಿಡಿದರು, ಬಾಯಿ ಬಿಡಬೇಡ್ವೇ, ಬರ್ತಾನೆ ಅವನು, ಅವನಪ್ಪ ಇದಕ್ಕಿಂತ ದೊಡ್ಡ ಗಾಳೀಲಿ ಬಂದಿದ್ರು, ಎಂದರು, ಆದರೆ ಅವರ ಕೈ ಮಂಜುಗಡ್ಡೆಯ ಹಾಗೆ ತಣ್ಣಗಿದೆ, ಇವರಿಗೂ ಭಯ, ನನಗಷ್ಟೇ ಎಂದುಕೊಂಡಿದ್ದೆ, ಸಾಹೇಬರು ಚಪ್ಪಲಿ ಮೆಟ್ಟುತ್ತಿದ್ದಾರೆ, ಟೀ ಇನ್ನೊಂದ್ಸಲ ಕುಡೀತೀನಮ್ಮ, ಹೊತ್ತಾಯ್ತು.

ಸಾರ್, ಅವರು ಒಳಗಿಲ್ಲ. ನನ್ನದೇ ದನಿಯೇ ಅದು, ಪರದೆ ದಾಟಿ ಬಂದುಬಿಟ್ಟಿದ್ದೇನೆ, ಅತ್ತೆ ಬೈಯಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡರು, ದೋಣಿ ತಗೊಂಡು ಹೋಗಿದ್ದಾರೆ ಸಾರ್, ಪರಿಹಾರ ನಿಲ್ಲಿಸಿ, ಜೈಲಿಗೆ ಹಾಕಿ, ಮೊದಲು ಕರಕೊಂಡು ಬನ್ನಿ. ಒಳ್ಳೆಯ ಮನುಷ್ಯ, ಪರಿಹಾರದ ಮಾತೇ ಎತ್ತಲಿಲ್ಲ, ಫೋನು ಆಗಲೇ ಕಿವಿಯಲ್ಲಿದೆ, ತಿರುಗಿಸಿ, ದೋಣೀನ ಇಲ್ಲಿಗೆ ತಿರುಗಿಸಿ, ಒಬ್ಬರು ಹೊರಗಿದ್ದಾರೆ, ಆಮೇಲೆ ನನ್ನ ಕಡೆ ತಿರುಗಿ, ಎಲ್ಲಿಗೆ ಹೋಗಿದ್ದಾರಮ್ಮ? ಎಲ್ಲಿಗೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯೇ ಕಲಿಸಿದ್ದು, ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಕೇಳಿಲ್ಲ, ಬೇಗ ಬನ್ನಿ ಎಂದಿದ್ದೇನೆ ಅಷ್ಟೇ, ಅತ್ತೆಯ ಮುಖ ನೋಡಿದೆ, ಅವರೂ ಕೇಳಿಲ್ಲ. ಉತ್ತರಕ್ಕಾ, ದಕ್ಷಿಣಕ್ಕಾ, ಸುಮ್ಮನೆ ಒಂದು ದಿಕ್ಕು ಹೇಳಮ್ಮ, ಸಮುದ್ರ ಅಷ್ಟಗಲ ಇದೆ, ಎಲ್ಲಿ ಅಂತ ಹುಡುಕ್ತಾರೆ ಅವರು, ಎನ್ನುತ್ತ ಸಾಹೇಬರು ಮೊಬೈಲನ್ನು ಬೆರಳಲ್ಲಿ ಹಿಗ್ಗಿಸುತ್ತಿದ್ದಾರೆ, ಹಿಗ್ಗಿಸಿದಷ್ಟೂ ಚುಕ್ಕೆ ಈ ಮನೆಯೊಳಗೇ ಬರುತ್ತಿದೆ, ನಾನು ಪೆಟ್ಟಿಗೆ ತಂದು ಟೀ ಲೋಟದ ಪಕ್ಕ ಇಟ್ಟೆ, ಟವೆಲು ತೆಗೆದೆ, ಯಾವ ದಿಕ್ಕಮ್ಮ, ಯಾವ ದಿಕ್ಕು, ಮಿಣುಕ್, ಇಲ್ಲಿದ್ದೇನೆ, ಹಸಿರು, ಮಿಣುಕ್, ಇಲ್ಲಿದ್ದೇನೆ, ಇಲ್ಲೇ, ಇಲ್ಲೇ