ಸುವೈಕಿನ ಶುಕ್ರವಾರದ ವ್ಯಾನು

ಏಲಕ್ಕಿ ಜಜ್ಜಿ ಕುದಿಯುವ ನೀರಿಗೆ ಹಾಕಿದ ಮೇಲೆಯೇ ಕ್ಲಾರಿಸ್ಸಾಳಿಗೆ ನೆನಪಾದದ್ದು, ಹಾಲಿಲ್ಲದ ಈ ಸುಲೈಮಾನಿ ಚಹಾಕ್ಕೆ ಕಾಯುವ ತೆರೇಸಾ ಇನ್ನಿಲ್ಲವೆಂದು. ಪ್ರತಿ ಶುಕ್ರವಾರದ ಅಭ್ಯಾಸ. ಕೈಗಳಿಗಿನ್ನೂ ಸಾವಿನ ಸುದ್ದಿ ಮುಟ್ಟಿರಲಿಲ್ಲ.

"ಎಂತದು, ಹೆಣಕ್ಕೆ ಚಾವಾ?" ಗಂಡ ವಿಕ್ಟರ್ ತೆರೇಸಾಳ ವ್ಯಾನಿನ ಕೀ ಬೆರಳಲ್ಲಿ ತಿರುಗಿಸುತ್ತಾ ಬಾಗಿಲಲ್ಲಿ ನಿಂತಿದ್ದ. "ಯಲ್ಲಾ, ಹೊರಡು. ಬಾಡಿ ಆಗಲೇ ಮಸ್ಕತ್ತಿಗೆ ಮುಟ್ಟಿ ಆಯ್ತಂತೆ."

ಅವಳು ಥರ್ಮಾಸ್ ತುಂಬಿಸಿದಳು.

ನರ್ಸ್ ತೆರೇಸಾ ಮದುವೆಯಾದವಳಲ್ಲ. ರಜೆಯ ದಿನವಾದ ಶುಕ್ರವಾರ ತನ್ನ ಹಳೆಯ ವ್ಯಾನಿನಲ್ಲಿ ಸುವೈಕಿನ ಹೆಂಗಸರನ್ನೆಲ್ಲ ಮಸ್ಕತ್ತಿಗೆ ಕರೆದೊಯ್ಯುತ್ತಿದ್ದಳು: ಕೆಲವರನ್ನು ಇಗರ್ಜಿಗೆ, ಕೆಲವರನ್ನು ದೇವಸ್ಥಾನಕ್ಕೆ, ಕೆಲವರನ್ನು ಸುಮ್ಮನೆ ಪೇಟೆ ನೋಡಲಿಕ್ಕೆ. ಇವತ್ತು ಅದೇ ಹೆಂಗಸರು ಅದೇ ಸೀಟುಗಳಲ್ಲಿ ಕೂತು ಅವಳ ಮಣ್ಣಿಗೆ ಹೊರಟಿದ್ದರು.

"ಅವಳ ತಮ್ಮ ಊರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದ, ಗಾಡಿ ಮಾರಿಬಿಡಿ ಅಂತ." ವಿಕ್ಟರ್ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿ ಕಾಲು ಚಾಚಿದ. "ನಿಮ್ಮ ಶುಕ್ರವಾರದ ತಿರುಗಾಟ ಇನ್ನು ಖಲಾಸ್."

"ಹಂಗಾದ್ರ ನಾವು ಹೆಂಗ ಹೋಗೂದ್ರೀ?" ಹಿಂದಿನಿಂದ ಬಾಗಲಕೋಟೆಯ ಉಜ್ವಲಾ ಕೇಳಿದಳು. "ನಮ್ಮ ಮನಿಯವ್ರು ಸೈಟಿಗೆ ಹೋದ್ರ ತಿಂಗಳಗಟ್ಲೆ ಬರೂದಿಲ್ಲ."

"ಮನೆಯಲ್ಲೇ ಪ್ರಾರ್ಥನೆ ಮಾಡಿ. ದೇವರಿಗೆ ಕೇಳ್ತದೆ."

"ಕ್ಲಾರಿಸ್ಸಾ ಕಡೆ ಲೈಸೆನ್ಸ್ ಐತಲ್ರೀ."

ವಿಕ್ಟರ್ ನಕ್ಕ. "ಅದು ಕಪಾಟಿನಲ್ಲಿ ಉಂಟು. ಅಲ್ಲೇ ಚಂದ."

ಕ್ಲಾರಿಸ್ಸಾ ಮಡಿಲಿನ ಪರ್ಸನ್ನು ಅದುಮಿ ಹಿಡಿದಳು. ಲೈಸೆನ್ಸ್ ಕಪಾಟಿನಲ್ಲಿರಲಿಲ್ಲ. ಬೆಳಿಗ್ಗೆ ಯಾಕೆಂದು ತಿಳಿಯದೆಯೇ ಅದನ್ನು ಎತ್ತಿಕೊಂಡಿದ್ದಳು.

ಸುವೈಕಿನ ಹಳೆಯ ಕೋಟೆಯ ತಿರುವು ಬಂತು. ತೆರೇಸಾ ಇಲ್ಲಿ ಯಾವಾಗಲೂ ಕಡಲ ಬದಿಯ ಹಳೆಯ ದಾರಿ ಹಿಡಿಯುತ್ತಿದ್ದಳು. ವಿಕ್ಟರ್ ಹೈವೇ ಕಡೆಗೆ ಹೊರಳಿಸಿದ.

*

"ಟಾರು ಬರುವ ಮೊದಲು ಇಲ್ಲಿಯ ಖರ್ಜೂರ, ಲಿಂಬೆ ಎಲ್ಲ ದೋಣಿಯಲ್ಲೇ ಮಸ್ಕತ್ತಿಗೆ ಹೋಗ್ತಿದ್ದದ್ದು," ಕೋಟೆಯ ಹಿಂದಿನ ಮರಳಿನಲ್ಲಿ ವ್ಯಾನು ನಿಲ್ಲಿಸಿ, ಕ್ಲಾರಿಸ್ಸಾಳಿಗೆ ಡ್ರೈವಿಂಗ್ ಕಲಿಸಲು ಕರೆತಂದ ಮೊದಲ ದಿನ ತೆರೇಸಾ ಹೇಳಿದ್ದಳು. "ಇಲ್ಲದಿದ್ದರೆ ಒಂಟೆ. ನನ್ನ ಪಕ್ಕದ ಮನೆಯ ಸಲ್ಮಾ ಅಜ್ಜಿ ಇದ್ದಾಳಲ್ಲ, ಪ್ರಾಯದಲ್ಲಿ ಒಂದು ಸಲ ಅವಳ ಮಗುವಿಗೆ ಜ್ವರ. ಗಂಡಸರೆಲ್ಲ ಮೀನಿಗೆ ಹೋಗಿದ್ದಾರೆ. ಒಂಟೆ ಬಿಚ್ಚಿ ಒಬ್ಬಳೇ ಮಸ್ಕತ್ತಿಗೆ ಹೊರಟಳಂತೆ."

"ದಾರಿ ಗೊತ್ತಿತ್ತಾ ಅವಳಿಗೆ?"

"ನಾನೂ ಅದನ್ನೇ ಕೇಳಿದೆ. ಒಂಟೆಗೆ ಗೊತ್ತಿತ್ತು ಅಂತ ನಕ್ಕಳು, ಹಲ್ಲಿಲ್ಲದ ಮುದುಕಿ." ತೆರೇಸಾ ಇಳಿದು ಬಂದು ಕ್ಲಾರಿಸ್ಸಾಳನ್ನು ಡ್ರೈವರ್ ಸೀಟಿಗೆ ದೂಡಿದಳು. "ನೀನು ನನಗಿಂತ ಗಿಡ್ಡ. ಮೊದಲು ಸೀಟು ಮುಂದೆ ಎಳಕೊ ಮಾರಾಯ್ತಿ. ಬ್ರೇಕು, ಕ್ಲಚ್ಚು ಎಲ್ಲ ಮತ್ತೆ."

*

ಮಸ್ಕತ್ತಿನ ಸ್ಮಶಾನದಲ್ಲಿ ಪಾದ್ರಿಯವರ ಕೊನೆಯ ಪ್ರಾರ್ಥನೆ ಮುಗಿಯಿತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದರು.

"ನಮ್ಮೂರಾಗ ಹೆಂಗಸ್ರು ಇಲ್ಲೀತನಕ ಬರೂದಿಲ್ಲ," ಉಜ್ವಲಾ ಕೈಯ ಮಣ್ಣನ್ನೇ ನೋಡುತ್ತಾ ಹೇಳಿದಳು. "ಈಕಿ ಸತ್ತಮ್ಯಾಲೂ ಕರಕೊಂಡು ಬಂದ್ಲು."

ಬಿಸಿಲಿಗೆ ಬೆವರುತ್ತಿದ್ದ ವಿಕ್ಟರ್ ಹೆಂಡತಿಯ ಕೈಗೆ ಕೀ ಹಾಕಿದ. "ನಿನ್ನ ಚಾ ಉಂಟಲ್ಲ, ವ್ಯಾನಿನಿಂದ ಅದನ್ನಾದರೂ ತಾ."

ಕ್ಲಾರಿಸ್ಸಾ ಥರ್ಮಾಸ್ ತೆಗೆಯಲು ಹೋದವಳು ಡ್ರೈವರ್ ಸೀಟಿನಲ್ಲಿ ಕೂತಳು. ಸ್ಟೇರಿಂಗು ಸುಡುತ್ತಿತ್ತು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟಿನಡಿಯ ಹಿಡಿಕೆ ಎತ್ತಿ ಎಳೆದಳು. ಮುಂದೆ, ಇನ್ನೂ ಮುಂದೆ, ಕಟ್ ಎಂದು ಕಚ್ಚಿಕೊಳ್ಳುವವರೆಗೆ. ಕನ್ನಡಿಯನ್ನು ತನ್ನ ಕಣ್ಣಳತೆಗೆ ಬಗ್ಗಿಸಿದಳು. ಕೀಯನ್ನು ಪರ್ಸಿನೊಳಗೆ, ಲೈಸೆನ್ಸಿನ ಪಕ್ಕದಲ್ಲಿ ಇಟ್ಟಳು.

ಥರ್ಮಾಸ್ ಹಿಡಿದು ಬಂದಾಗ ವಿಕ್ಟರ್ ಕೈ ಚಾಚಿದ.

"ಕೀ ಎಲ್ಲಿ?"

ಚಾಚಿದ ಆ ಕೈಗೆ ಅವಳು ಬಿಸಿ ಸುಲೈಮಾನಿಯ ಕಪ್ ಕೊಟ್ಟಳು.